ಬಿಸಿಲ ಹಲಗೆಗೆ ಚಕ್ಕುಬಂದಿ

ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ಬೊಂಬೆ ಅಂಗಡಿಗಳ ಸಾಲು ದಾಟಿದ ಮೇಲೆ ಒಂದು ವೆಲ್ಡಿಂಗ್ ಶಾಪ್ ಸಿಗುತ್ತದೆ. ಗೇಟು, ಕಿಟಕಿ ಗ್ರಿಲ್ಲು, ದನದ ಕೊಟ್ಟಿಗೆಗೆ ಶೀಟು ಹೊದಿಸುವುದು ಅಲ್ಲಿಯ ಮಾಮೂಲಿ ಕೆಲಸ. ಬೋರ್‌ವೆಲ್ಲಿಗೆ ಸೋಲಾರ್ ಹಾಕಿಸುವವರು ಹೆಚ್ಚಾದ ಮೇಲೆ ಪ್ಯಾನೆಲ್ ಕೂರಿಸುವ ಸ್ಟ್ಯಾಂಡುಗಳ ಆರ್ಡರೂ ಬರತೊಡಗಿದೆ. ಮನೆ ಗೇಟಿನ ಕೀಲು ಮುರಿದಿತ್ತೆಂದು ಹೋದವನನ್ನು ಯಜಮಾನರು ಶಾಪಿನ ಹಿತ್ತಲಿಗೆ ಕರೆದುಕೊಂಡು ಹೋಗಿ, ಟಾರ್ಪಾಲು ಸರಿಸಿ, "ನೋಡಿ ಸಾರ್, ಒಂದೇ ಕೈ" ಅಂದರು.

ಮೂರು ಪ್ಯಾನೆಲ್ ಕೂತಿದ್ದ ಚೌಕಟ್ಟು. ಒಂದೊಂದು ಪ್ಯಾನೆಲ್ಲೂ ಇಪ್ಪತ್ತು ಕಿಲೋಗೆ ಮೇಲೆ. ಅಷ್ಟು ಭಾರವನ್ನು ಅವರು ನಿಜಕ್ಕೂ ಒಂದೇ ಕೈಯಲ್ಲಿ ವಾಲಿಸಿ ತೋರಿಸಿದರು. ಚೌಕಟ್ಟಿನ ಹಿಂದೆ ಬಾಲದ ಹಾಗೆ ಒಂದು ಪೈಪು, ಅದರ ತುದಿಯಲ್ಲಿ ತೂಕ ಸರಿದೂಗಿಸಲು ಕಾಂಕ್ರೀಟು ತುಂಬಿದ ಡಬ್ಬ. ಪಕ್ಕದಲ್ಲಿ ಬಿಲ್ಲಿನಂತೆ ಬಾಗಿಸಿದ ದಪ್ಪ ಕಬ್ಬಿಣದ ಪಟ್ಟಿ, ಅದರಲ್ಲಿ ಮೂರು ತೂತು. ಬೇಕಾದ ಕೋನಕ್ಕೆ ಚೌಕಟ್ಟನ್ನು ತಂದು ತೂತಿಗೆ ಪಿನ್ನು ತೂರಿಸಿದರೆ ಅಲ್ಲಿಗೆ ನಿಂತಿತು.

ಮೂರು ತೂತಿನ ಲೆಕ್ಕ ಕೇಳಿದೆ. ಅವರು ಬೆರಳನ್ನು ಆಕಾಶಕ್ಕೆ ತೋರಿಸಿದರು. ಚನ್ನಪಟ್ಟಣವೂ ಸುತ್ತಲಿನ ತಾಲ್ಲೂಕುಗಳೂ ಇರುವುದು ಹನ್ನೆರಡೂವರೆಯಿಂದ ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ 24ರ ಹೊತ್ತಿಗೊಮ್ಮೆ, ಆಗಸ್ಟ್ 18ರ ಹೊತ್ತಿಗೊಮ್ಮೆ ಮಟಮಟ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಗೆ ನೇರ ಬರುತ್ತಾನೆ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಕಡೆಯಿಂದ. ಡಿಸೆಂಬರಿನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ಮೂವತ್ತಾರು ಡಿಗ್ರಿ ವಾಲಿರುತ್ತಾನೆ. ದಕ್ಷಿಣಕ್ಕೆ ಹದಿನೈದು ಡಿಗ್ರಿ ವಾಲಿಸಿ ಬಿಗಿದುಬಿಟ್ಟ ಪ್ಯಾನೆಲ್, ಜೂನ್ ತಿಂಗಳ ಮಧ್ಯಾಹ್ನ ನೇರ ಬಿಸಿಲಿನ ಹತ್ತನೇ ಒಂದು ಪಾಲನ್ನು ಸುಮ್ಮನೆ ಕಳೆದುಕೊಳ್ಳುತ್ತದೆ. ಅದಕ್ಕೇ ಮೂರನೇ ತೂತು, ಪ್ಯಾನೆಲ್ಲನ್ನು ಕೊಂಚ ಉತ್ತರಕ್ಕೆ ತಿರುಗಿಸಲು. (ಜೂನಿನಲ್ಲಿ ಮೋಡ ಬೇರೆ ಇರುತ್ತದಲ್ಲ ಎಂದು ನಾನು ಕೇಳಲಿಲ್ಲ. ಅವರ ಉತ್ಸಾಹ ಹಾಗಿತ್ತು.)

ಅಷ್ಟೇ ಅಲ್ಲ, ಇನ್ನೊಂದು ಚಿಲಕವನ್ನೂ ತೋರಿಸಿದರು. ಆಷಾಢದ ಗಾಳಿ ಬೀಸಿದರೆ ಪ್ಯಾನೆಲ್ಲು ಗಾಳಿಪಟವಾಗಿ ಸ್ಟ್ಯಾಂಡಿನ ಬುಡವನ್ನೇ ಕಿತ್ತೆಬ್ಬಿಸುತ್ತದೆ. ಅದಕ್ಕೆ ಅವರದೇ ಒಂದು ಉಪಾಯ. ಆ ಚಿಲಕ ಹೇಗಿದೆ ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಬರುತ್ತದೆ.

"ಇದ್ಕೆ ಪೇಟೆಂಟ್ ಸಿಕ್ತದಾ ಸಾರ್? ಬೇಕಾದ್ರೆ ಅವ್ರೇ ಬಂದು ನೋಡ್ಲಿ. ಮೂರು ಕಡೆ ಹಾಕಿವ್ನಿ, ಎಲ್ಲೂ ಕಂಪ್ಲೇಂಟ್ ಇಲ್ಲ."

ಈ ಮಾತಿನಲ್ಲಿ ಎರಡು ತೊಡಕುಗಳಿವೆ. ಒಂದು, ಯಾರೂ ಬಂದು ನೋಡುವುದಿಲ್ಲ. ಇನ್ನೊಂದು, ಮೂರು ಕಡೆ ಹಾಕಿದ್ದೇ ತೊಂದರೆ.

ಮೊದಲನೆಯದನ್ನು ನೋಡೋಣ. ಪೇಟೆಂಟ್ ಪರೀಕ್ಷೆ ಎಂದರೆ ಇಂಜಿನಿಯರೊಬ್ಬರು ಬಂದು ಸ್ಟ್ಯಾಂಡನ್ನು ಅಲುಗಾಡಿಸಿ, ಮೀಟರು ಹಿಡಿದು ಕರೆಂಟು ಅಳೆಯುತ್ತಾರೆ ಎಂದು ನಮ್ಮಲ್ಲಿ ಅನೇಕರ ಕಲ್ಪನೆ. ಅಂಥ ಪರೀಕ್ಷೆ ಬೇರೆ ಸಂಸ್ಥೆಗಳ ಕೆಲಸ. ಪೇಟೆಂಟ್ ಕಚೇರಿಯಲ್ಲಿ ಪರೀಕ್ಷೆಗೆ ಕೂರುವುದು ಕಾಗದದ ಮೇಲಿನ ಒಂದು ವಾಕ್ಯ. ಅದಕ್ಕೆ ಕ್ಲೇಮ್ ಎನ್ನುತ್ತಾರೆ. ಅರ್ಜಿಯಲ್ಲಿ ವಿವರಣೆ, ಚಿತ್ರ, ಸಾರಾಂಶ ಎಲ್ಲ ಇರುತ್ತವೆ, ಆದರೆ ಹಕ್ಕು ಹುಟ್ಟುವುದು ಆ ಕ್ಲೇಮಿನಿಂದ. ಜಮೀನಿನ ಕ್ರಯಪತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನಮರ ಎಷ್ಟು, ಬಾವಿ ಎಲ್ಲಿ, ಮಣ್ಣು ಕೆಂಪೋ ಕಪ್ಪೋ ಎಂದು ಎಷ್ಟು ವರ್ಣಿಸಿದರೂ ಜಮೀನು ಎಲ್ಲಿಂದ ಎಲ್ಲಿಗೆ ಎನ್ನುವುದು ಚಕ್ಕುಬಂದಿಯಲ್ಲಿ: ಪೂರ್ವಕ್ಕೆ ಇಂಥವರ ಹಿಡುವಳಿ, ಪಶ್ಚಿಮಕ್ಕೆ ಹಳ್ಳ. ಕ್ಲೇಮ್ ಅಂದರೆ ಕಲ್ಪನೆಯ ಚಕ್ಕುಬಂದಿ. ಆ ಗಡಿಯೊಳಗೆ ಊರೊಟ್ಟಿನ ಗೋಮಾಳ ಸೇರಿಕೊಂಡಿದೆಯೇ ಎಂದು ನೋಡುವುದೇ ಪರೀಕ್ಷಕರ ಉದ್ಯೋಗ. ಈಗಾಗಲೇ ಜನಕ್ಕೆ ಗೊತ್ತಿರುವುದೆಲ್ಲ ಗೋಮಾಳ. ಅದರಲ್ಲಿ ಒಂದಡಿ ಒತ್ತುವರಿ ಕಂಡರೂ ಅರ್ಜಿ ವಾಪಸು.

ಇಲ್ಲೇ 'ಡಿಸೈನ್' ಎಂಬ ಶಬ್ದ ಮಾಡುವ ಗೊಂದಲವನ್ನೂ ಹೇಳಿಬಿಡಬೇಕು. ನಮ್ಮ ಯಜಮಾನರು "ನನ್ ಡಿಸೈನು" ಎನ್ನುತ್ತಾರೆ. ಕಾನೂನಿನಲ್ಲಿ ಡಿಸೈನ್ ಎಂದರೆ ಕಣ್ಣಿಗೆ ಕಾಣುವ ಆಕಾರ, ಅಲಂಕಾರ ಮಾತ್ರ. ಅದಕ್ಕೆ 2000ದ ವಿನ್ಯಾಸ ಕಾಯ್ದೆ ಬೇರೆಯೇ ಇದೆ. ನೋಂದಣಿಯಾದರೆ ಹತ್ತು ವರ್ಷ, ಮೇಲೆ ಐದು ವರ್ಷ. ಪ್ಯಾನೆಲ್ಲಿನ ಅಂಚಿಗೆ ನವಿಲುಗರಿಯ ಚಿತ್ತಾರ ಬಿಡಿಸಿದ್ದರೆ ಅಲ್ಲಿಗೆ ಹೋಗಬಹುದಿತ್ತು. ಕೆಲಸಕ್ಕಾಗಿಯೇ ಬಂದ ಆಕಾರಕ್ಕೆ ಅಲ್ಲಿ ಜಾಗವಿಲ್ಲ. ತೂಕ ಸರಿದೂಗುವ ಬಾಲ, ಕೋನ ಬದಲಿಸುವ ಪಟ್ಟಿ, ಗಾಳಿಯ ಚಿಲಕ ಇವೆಲ್ಲ ಕೆಲಸದ ಸಂಗತಿಗಳು. ಇವು ಬರುವುದು 1970ರ ಪೇಟೆಂಟ್ ಕಾಯ್ದೆಯ ಕೆಳಗೆ. ಅಲ್ಲಿ ಆಯುಸ್ಸು ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಜರ್ಮನಿ, ಚೀನಾದಂಥ ದೇಶಗಳಲ್ಲಿ ಸಣ್ಣಪುಟ್ಟ ಸುಧಾರಣೆಗೆ ಕಡಿಮೆ ಅವಧಿಯ ಕಿರು ಪೇಟೆಂಟ್ ಎಂಬುದೊಂದು ಇದೆ. ನಮ್ಮಲ್ಲಿ ಅದಿಲ್ಲ. ವೆಲ್ಡಿಂಗ್ ಶಾಪಿನ ಉಪಾಯವೂ ಔಷಧ ಕಂಪನಿಯ ಹೊಸ ಅಣುವೂ ಒಂದೇ ಜರಡಿಯಲ್ಲಿ ಹಾಯಬೇಕು. ನನ್ನ ಕೇಳಿದರೆ ಇದು ನಮ್ಮ ಕಾಯ್ದೆಯ ದೊಡ್ಡ ಕೊರತೆ.

ಹಾಗೆಂದು ಕಬ್ಬಿಣದ ಸಾಮಾನಿಗೆ ಪೇಟೆಂಟ್ ಕಚೇರಿಯಲ್ಲಿ ಮರ್ಯಾದೆ ಇಲ್ಲವೆಂದಲ್ಲ. ಈ ದೇಶದ ಮೊಟ್ಟಮೊದಲ ಅರ್ಜಿ, 1856ರ ಮಾರ್ಚ್ 3ರಂದು ಕಲ್ಕತ್ತಾದ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬ ಇಂಜಿನಿಯರ್ ಹಾಕಿದ್ದು, ಪಂಖಾ ಎಳೆಯುವ ಯಂತ್ರಕ್ಕೆ.

ಇನ್ನು ಎರಡನೇ ತೊಡಕು. ಯಜಮಾನರು ಒಂದು ಸ್ಟ್ಯಾಂಡನ್ನು ಕನಕಪುರ ತಾಲ್ಲೂಕಿನಲ್ಲಿ ಭಾವಮೈದುನನ ಹಿಪ್ಪುನೇರಳೆ ತೋಟಕ್ಕೆ ಹಾಕಿದ್ದಾರೆ, ಇನ್ನೊಂದನ್ನು ಮಾಗಡಿ ಕಡೆಯ ರಾಗಿ ಹೊಲಕ್ಕೆ, ಮತ್ತೊಂದನ್ನು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಪರಿಚಯವಾದ ರೈತರೊಬ್ಬರ ಮಾವಿನ ತೋಪಿಗೆ. ಪ್ರತಿಯೊಂದಕ್ಕೂ ದುಡ್ಡು ತೆಗೆದುಕೊಂಡಿದ್ದಾರೆ. ಮಾವಿನ ತೋಪಿನದ್ದನ್ನು ವಿಡಿಯೊ ಮಾಡಿ ರೇಷ್ಮೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೂ ಬಿಟ್ಟಿದ್ದಾರೆ. ಅರ್ಜಿ ಹಾಕುವ ದಿನಕ್ಕೆ ಮೊದಲು ಆ ವಸ್ತು ಭಾರತದಲ್ಲಿ ಬಹಿರಂಗ ಬಳಕೆಯಲ್ಲಿದ್ದರೆ, ಅಥವಾ ಪ್ರಪಂಚದ ಯಾವ ಮೂಲೆಯಲ್ಲಾದರೂ ಪ್ರಕಟವಾಗಿದ್ದರೆ, ಅದು ಹೊಸದಲ್ಲ. ಅದನ್ನು ಬಳಸಿದ್ದೂ ತೋರಿಸಿದ್ದೂ ಕಂಡುಹಿಡಿದವರೇ ಆದರೂ ಸಾಮಾನ್ಯವಾಗಿ ಕಾಯ್ದೆ ಕೇಳುವುದಿಲ್ಲ. ಬಯಲಲ್ಲೇ ಪ್ರಯೋಗ ಮಾಡದೆ ಗತ್ಯಂತರವಿಲ್ಲ ಎನ್ನುವಂಥ ವಸ್ತುವಿಗೆ ಒಂದು ವರ್ಷದ ಸಣ್ಣ ವಿನಾಯಿತಿ ಇದೆ. ಮಾರಿದ ಮೇಲೆ ಅದನ್ನು ಪ್ರಯೋಗ ಎನ್ನುವುದು ಕಷ್ಟ. ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟರೆ ಹನ್ನೆರಡು ತಿಂಗಳ ರಿಯಾಯಿತಿ. ಜಿಕೆವಿಕೆ ಕೃಷಿ ಮೇಳದಲ್ಲೋ ತಾಲ್ಲೂಕು ಕಚೇರಿ ಮುಂದಿನ ಮಳಿಗೆಯಲ್ಲೋ ಇಟ್ಟರೆ ಅದು ತಾನಾಗಿ ಸಿಗುವುದಿಲ್ಲ.

ನಮ್ಮ ಕಡೆ ಸೋಲಾರ್ ಪಂಪು ಹೊಸ ನೋಟವೂ ಅಲ್ಲ. 2014ರಲ್ಲಿ ರಾಜ್ಯ ಸರ್ಕಾರ ಸೂರ್ಯ ರೈತ ಯೋಜನೆ ತಂದಾಗ ಪ್ರಯೋಗಕ್ಕೆ ಆರಿಸಿಕೊಂಡದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗವನ್ನೇ. ಮುನ್ನೂರರಷ್ಟು ರೈತರ ಪಂಪ್‌ಸೆಟ್ಟಿಗೆ ಪ್ಯಾನೆಲ್ ಕೂರಿಸಿ, ನೀರೆತ್ತಿ ಉಳಿದ ಕರೆಂಟನ್ನು ಬೆಸ್ಕಾಂಗೆ ಮಾರುವ ಏರ್ಪಾಡು ಅದು. ಆ ಹೊಲಗಳಲ್ಲಿ ದಾರಿಹೋಕರ ಕಣ್ಣಿಗೆ ಬೀಳುವಂತೆ ನಿಂತ ಒಂದೊಂದು ಕಂಬ, ಒಂದೊಂದು ಕೊಂಡಿಯೂ ಆಮೇಲಿನ ಅರ್ಜಿದಾರರ ಪಾಲಿಗೆ ಗೋಮಾಳವೇ.

ಯಜಮಾನರ ಮುಖ ಬಾಡಿತು. ಆದರೆ ಗಾಳಿಯ ಚಿಲಕ ಆ ಮೂರು ಸ್ಟ್ಯಾಂಡಿಗೂ ಇಲ್ಲ, ವಿಡಿಯೊದಲ್ಲೂ ಇಲ್ಲ. ಅದನ್ನು ಮಾಡಿ ಇನ್ನೂ ತಿಂಗಳಾಗಿಲ್ಲ, ಟಾರ್ಪಾಲಿನ ಕೆಳಗೇ ಇದೆ. ನನಗೆ ತೋರಿಸಿದ್ದು ನಂಬಿಕೆಯ ಮೇಲೆ. ಅದು ಹೇಗಿದೆ ಎಂದು ನಾನಿಲ್ಲಿ ನಾಲ್ಕು ಸಾಲು ಬರೆದರೆ ನಾಳೆ ಅವರ ಅರ್ಜಿಗೆ ಎದುರಾಗಿ ಎತ್ತಿ ಹಿಡಿಯುವ ಮೊದಲ ದಾಖಲೆ ಈ ಅಂಕಣವೇ ಆಗುತ್ತದೆ. ಹಾಗಾಗಿ ಓದುಗರು ಕ್ಷಮಿಸಬೇಕು.

ಅರ್ಜಿ ಎಲ್ಲಿಗೆ ಹೋಗುತ್ತದೆ? ಕರ್ನಾಟಕದವರಿಗೆ ಚೆನ್ನೈ ಕಚೇರಿ, ಗಿಂಡಿಯಲ್ಲಿರುವ ಬೌದ್ಧಿಕ ಆಸ್ತಿ ಕಟ್ಟಡ. ಚನ್ನಪಟ್ಟಣಕ್ಕೆ ಆ ಕಟ್ಟಡ ಅಪರಿಚಿತವಲ್ಲ. ಇಲ್ಲಿಯ ಬೊಂಬೆಗಳಿಗೆ 2005-06ರಲ್ಲಿ ಜಿಐ ನೋಂದಣಿ ಕೊಟ್ಟ ಭೌಗೋಳಿಕ ಸೂಚಿಗಳ ಕಚೇರಿ ಇರುವುದೂ ಅದೇ ಆವರಣದಲ್ಲಿ. ಆದರೆ ಎರಡು ಫೈಲುಗಳ ಗುಣ ಪೂರಾ ಉಲ್ಟಾ. ಬೊಂಬೆಯ ಫೈಲಿನಲ್ಲಿ ಸಾಬೀತು ಮಾಡಬೇಕಾದ್ದು ಇದು ಹಳೆಯದು, ಈ ಊರಿನದು, ತಲೆಮಾರುಗಳಿಂದ ಆಲೆ ಮರವನ್ನು ಹೀಗೇ ಕಡೆದು ಅರಗಿನ ಬಣ್ಣ ಕೊಡುತ್ತಾ ಬಂದಿದ್ದಾರೆ ಎಂದು. ಹಕ್ಕು ಒಬ್ಬರದಲ್ಲ, ಊರಿನ ಕುಶಲಕರ್ಮಿಗಳದು, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು. ಪೇಟೆಂಟಿನ ಫೈಲಿನಲ್ಲಿ ಹಳೆಯದು ಎಂಬ ಒಂದು ಮಾತು ಬಂದರೆ ಕಥೆ ಮುಗಿಯಿತು.

ಖರ್ಚಿನ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಆನ್‌ಲೈನಿನಲ್ಲಿ ವ್ಯಕ್ತಿಯೊಬ್ಬರು ಅರ್ಜಿ ಹಾಕಲು ಸರ್ಕಾರಿ ಶುಲ್ಕ ₹1,600. ಪರೀಕ್ಷೆ ಮಾಡಿ ಎಂದು ಕೇಳಲು ₹4,000. ದೊಡ್ಡ ಕಂಪನಿಯಾದರೆ ಇವೇ ₹8,000 ಮತ್ತು ₹20,000. ಹತ್ತಕ್ಕಿಂತ ಹೆಚ್ಚು ಕ್ಲೇಮ್, ಮೂವತ್ತಕ್ಕಿಂತ ಹೆಚ್ಚು ಪುಟ ಇದ್ದರೆ ಮೇಲುಶುಲ್ಕ. ಉಪಾಯ ಇನ್ನೂ ಪಕ್ಕಾ ಆಗಿಲ್ಲವೆಂದರೆ ತಾತ್ಕಾಲಿಕ ವಿವರಣೆಯೊಂದನ್ನು ಸಲ್ಲಿಸಿ ತಾರೀಖು ಹಿಡಿದಿಟ್ಟುಕೊಂಡು, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ನಮ್ಮ ಯಜಮಾನರಿಗೆ ಹೇಳಿ ಮಾಡಿಸಿದ ದಾರಿ ಇದು. ಬರೆಯುವ ಪೇಟೆಂಟ್ ಏಜೆಂಟರ ಶುಲ್ಕ ಮಾತ್ರ ಸರ್ಕಾರದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

'ಪರೀಕ್ಷೆ ಮಾಡಿ ಎಂದು ಕೇಳಲು' ಎಂದೆನಲ್ಲ, ಅದು ಅನೇಕರು ಎಡವುವ ಜಾಗ. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಫೈಲು ಬಿಚ್ಚುವುದಿಲ್ಲ. ಹದಿನೆಂಟು ತಿಂಗಳಾದ ಮೇಲೆ ಅರ್ಜಿ ತಾನಾಗಿ ಪೇಟೆಂಟ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಪರೀಕ್ಷೆಗೆ ಪ್ರತ್ಯೇಕ ಕೋರಿಕೆ ಹಾಕಬೇಕು. 2024ರ ಮಾರ್ಚಿನ ನಿಯಮ ತಿದ್ದುಪಡಿಯ ಮೇಲೆ ಅದಕ್ಕೆ ಗಡುವು ಮೂವತ್ತೊಂದು ತಿಂಗಳು, ಮೊದಲು ನಲವತ್ತೆಂಟಿತ್ತು. ಕೇಳದಿದ್ದರೆ ಅರ್ಜಿಯನ್ನು ವಾಪಸು ಪಡೆದಂತೆ ಲೆಕ್ಕ. ಸ್ಟಾರ್ಟಪ್ಪುಗಳು, ಸಣ್ಣ ಉದ್ದಿಮೆಗಳು, ಅರ್ಜಿದಾರರಲ್ಲಿ ಒಬ್ಬರಾದರೂ ಮಹಿಳೆ ಇರುವವರು ಹೆಚ್ಚಿನ ಶುಲ್ಕ ಕಟ್ಟಿ ಬೇಗ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಪ್ರಕಟಣೆಯ ಮಾತು ಬಂತು, ಒಂದು ಅಡ್ಡಮಾತು ಹೇಳಿಬಿಡುತ್ತೇನೆ. ಕಾಲೇಜುಗಳ ಜಾಹೀರಾತಿನಲ್ಲಿ 'ನಮ್ಮ ಅಧ್ಯಾಪಕರ ಇಷ್ಟು ಪೇಟೆಂಟುಗಳು ಪ್ರಕಟ' ಎಂದು ನೋಡಿರುತ್ತೀರಿ. ಹದಿನೆಂಟು ತಿಂಗಳು ಸುಮ್ಮನೆ ಕೂತರೆ ಯಾರ ಅರ್ಜಿಯಾದರೂ ಪ್ರಕಟವಾಗುತ್ತದೆ. ಎಸ್ಸೆಸ್ಸೆಲ್ಸಿಗೆ ಹಾಲ್ ಟಿಕೆಟ್ ಬಂದದ್ದಕ್ಕೆ ಊರಿಗೆಲ್ಲ ಸಿಹಿ ಹಂಚಿದ ಹಾಗೆ ಇದು. ಪೇಟೆಂಟ್ ಸಿಗದ ವಸ್ತುವಿನ ಮೇಲೆ ಪೇಟೆಂಟ್ ಪಡೆದದ್ದು ಎಂದು ಅಚ್ಚು ಹಾಕಿಸಿ ಮಾರುವುದಂತೂ ಕಾಯ್ದೆಯ ಉಲ್ಲಂಘನೆ. 2023ರ ಜನ ವಿಶ್ವಾಸ ಕಾಯ್ದೆ ಅದರ ದಂಡವನ್ನು ಹತ್ತು ಲಕ್ಷ ರೂಪಾಯಿವರೆಗೆ ಏರಿಸಿದೆ.

ಸರಿ, ಕೋರಿಕೆ ಹಾಕಿದ್ದಾಯಿತು ಎನ್ನೋಣ. ಪರೀಕ್ಷಕರ ಮೇಜಿನ ಮೇಲೆ ಏನು ನಡೆಯುತ್ತದೆ?

ಮೊದಲು ಆ ಅರ್ಜಿ ಯಾವ ಗೂಡಿಗೆ ಸೇರಿದ್ದು ಎಂದು ನೋಡುತ್ತಾರೆ. ಪ್ರಪಂಚದ ಪೇಟೆಂಟುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ವಿಂಗಡಿಸಿಟ್ಟಿದ್ದಾರೆ. ಪ್ಯಾನೆಲ್ಲಿನ ಸ್ಟ್ಯಾಂಡುಗಳಿಗೆ ಎಚ್02ಎಸ್ 20 ಎಂಬ ಗೂಡು, ಪ್ಯಾನೆಲ್ ತೊಳೆಯುವ ಉಪಾಯಗಳಿಗೆ ಎಚ್02ಎಸ್ 40/10. ಆ ಗೂಡಿಗೆ ಕೈ ಹಾಕಿ ಜಪಾನಿನದ್ದೋ ಸ್ಪೇನಿನದ್ದೋ ಹಳೆಯ ದಾಖಲೆಗಳನ್ನು ಹೊರತೆಗೆಯುತ್ತಾರೆ. ಹತ್ತಿರದ್ದಕ್ಕೆ ಡಿ1, ಅದರ ನಂತರದ್ದಕ್ಕೆ ಡಿ2 ಎಂದು ಹೆಸರಿಡುತ್ತಾರೆ. ಆಮೇಲೆ ಕ್ಲೇಮಿನ ವಾಕ್ಯವನ್ನು ತುಂಡು ಮಾಡಿ ಒಂದೊಂದು ತುಂಡನ್ನೂ ಆ ದಾಖಲೆಗಳ ಎದುರು ಇಟ್ಟು ನೋಡುವುದು. ಎಲ್ಲ ತುಂಡುಗಳೂ ಡಿ1 ಒಂದರಲ್ಲೇ ಸಿಕ್ಕಿದರೆ ವಸ್ತು ಹೊಸದಲ್ಲ. ಕೆಲವು ಡಿ1ರಲ್ಲಿ, ಕೆಲವು ಡಿ2ರಲ್ಲಿ ಸಿಕ್ಕಿದರೆ ಪ್ರಶ್ನೆ ಬದಲಾಗುತ್ತದೆ. ಎರಡನ್ನೂ ಜೋಡಿಸುವುದು ಈ ಕಸುಬು ಬಲ್ಲ ಸಾಮಾನ್ಯ ಕೆಲಸಗಾರನಿಗೆ ಸಹಜವಾಗಿ ಹೊಳೆಯುತ್ತಿತ್ತೇ ಇಲ್ಲವೇ?

ನಮ್ಮ ಮೂರು ತೂತಿನ ಸ್ಟ್ಯಾಂಡಿಗೆ ಅರ್ಜಿ ಹಾಕಿದ್ದರೆ ವರದಿ ಹೇಗಿರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ತೂತಿನ ಪಟ್ಟಿ, ಪಿನ್ನು ಹಾಕಿ ಋತುವಿಗೆ ತಕ್ಕಂತೆ ಪ್ಯಾನೆಲ್ ವಾಲಿಸುವುದು ಎಷ್ಟೋ ದಶಕಗಳಿಂದ ಗೊತ್ತಿರುವ ಸಂಗತಿ, ಡಿ1ಕ್ಕೆ ಬರವಿಲ್ಲ. ತೂಕ ಸರಿದೂಗಿಸುವ ಬಾಲ? ಏತದ ಮರದ ಹಿಂಬದಿಗೆ ಕಲ್ಲು ಕಟ್ಟಿ ನೀರೆತ್ತಿದ ಊರಿನಲ್ಲಿ ಅದು ಹೊಸತು ಎಂದರೆ ಅಜ್ಜಂದಿರು ನಕ್ಕಾರು. ಎರಡನ್ನೂ ಜೋಡಿಸಿದ್ದು ಹೊಸದಲ್ಲವೇ ಎಂದರೆ ಕಾಯ್ದೆಯ 3ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ಗೊತ್ತಿರುವ ಸಾಧನಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದೂ ತನ್ನ ಹಳೇ ಕೆಲಸವನ್ನೇ ಬೇರೆಬೇರೆಯಾಗಿ ಮಾಡಿಕೊಂಡಿದ್ದರೆ ಅದು ಆವಿಷ್ಕಾರವೇ ಅಲ್ಲ. ಪಿನ್ನು ಪಿನ್ನಿನ ಕೆಲಸ ಮಾಡುತ್ತಿದೆ, ಕಲ್ಲು ಕಲ್ಲಿನ ಕೆಲಸ. ಇಬ್ಬರೂ ಸೇರಿ ಮೂರನೆಯದೊಂದನ್ನು ಮಾಡಬೇಕು.

ಈ ವಿಷಯದಲ್ಲಿ ನಮ್ಮ ದೇಶದ ಎಲ್ಲ ಪರೀಕ್ಷಕರೂ ಇಂದಿಗೂ ತಿರುಗಿ ನೋಡುವ ತೀರ್ಪು ಒಂದಿದೆ. ಅದರ ಕಥೆ ಚನ್ನಪಟ್ಟಣದವರು ಕೇಳಲೇಬೇಕು, ಏಕೆಂದರೆ ಅದು ಲೇತಿನದು. ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳ ಊರು. ಅಲ್ಲಿ ತಟ್ಟೆ ಬಟ್ಟಲುಗಳನ್ನು ಲೇತಿಗೆ ಸಿಕ್ಕಿಸಿ ಹೆರೆದು ಹೊಳಪು ಕೊಡುವಾಗ ಒಂದೇ ಬದಿಯಲ್ಲಿ ಹಿಡಿತ ಇರುತ್ತಿತ್ತು. ಅಂಟಿಸುತ್ತಿದ್ದರು, ಇಲ್ಲವೇ ಚಕ್ಕಿನ ಹಲ್ಲುಗಳಲ್ಲಿ ಬಿಗಿಯುತ್ತಿದ್ದರು. ತಿರುಗುವ ರಭಸಕ್ಕೆ ಪಾತ್ರೆ ಕಳಚಿ ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಅಲ್ಲಿಯ ಸಂಸ್ಥೆ, ಎದುರು ಬದಿಯಿಂದ ಚೂಪು ತುದಿಯ ಟೇಲ್‌ಸ್ಟಾಕಿನಿಂದ ಪಾತ್ರೆಯನ್ನು ಒತ್ತಿ ಹಿಡಿಯುವ ಏರ್ಪಾಡು ಮಾಡಿ 1951ರ ಡಿಸೆಂಬರ್ ತಾರೀಖಿನ ಪೇಟೆಂಟ್ ಪಡೆಯಿತು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆ ಅದನ್ನೇ ಬಳಸುತ್ತಿದೆ ಎಂದು ದಾವೆ ಹೂಡಿತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟನ್ನು ರದ್ದು ಮಾಡಿತು, ವಿಭಾಗೀಯ ಪೀಠ ಮತ್ತೆ ಎತ್ತಿ ನಿಲ್ಲಿಸಿತು. ಕೊನೆಗೆ 1978ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಬೀಳಿಸಿತು. ಟೇಲ್‌ಸ್ಟಾಕು ಲೇತಿನಲ್ಲಿ ಮೊದಲಿಂದಲೂ ಇದ್ದದ್ದು. ಅದನ್ನು ಪಾತ್ರೆಗೆ ಒತ್ತಿದ್ದು ಕಸುಬು ಬಲ್ಲವರಿಗೆ ತೋಚಬಹುದಾದ ವರ್ಕ್‌ಶಾಪಿನ ಸುಧಾರಣೆ, ಆವಿಷ್ಕಾರಕ್ಕೆ ಅದಕ್ಕಿಂತ ಹೆಚ್ಚಿನದು ಬೇಕು ಎಂಬುದು ತೀರ್ಪಿನ ತಿರುಳು.

ಇದರಲ್ಲಿ ಇನ್ನೊಂದು ಸ್ವಾರಸ್ಯ. ಆಗಿನ 1911ರ ಕಾಯ್ದೆಯಲ್ಲಿ ಪೇಟೆಂಟಿನ ಆಯುಸ್ಸು ಹದಿನಾರು ವರ್ಷ. ಅಂದರೆ ಸುಪ್ರೀಂ ಕೋರ್ಟಿನ ತೀರ್ಪು ಬರುವ ಹೊತ್ತಿಗೆ ಆ ಅವಧಿ ಕಳೆದು ಹನ್ನೊಂದು ವರ್ಷವಾಗಿತ್ತು. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಕೈಗೆ ಬಂದರೂ ಅದು ಕೊನೆಯ ಮಾತಲ್ಲ. ಪರೀಕ್ಷೆ ನಡೆಸಿದ್ದೇವೆ ಎಂಬ ಕಾರಣಕ್ಕೆ ಪೇಟೆಂಟ್ ಸಿಂಧು ಎಂದು ನಾವು ಖಾತ್ರಿ ಕೊಡುವುದಿಲ್ಲ ಎಂದು ಕಾಯ್ದೆಯೇ ಕೈ ತೊಳೆದುಕೊಂಡಿದೆ. ಮಂಜೂರಾಗುವ ಮೊದಲು ಯಾರು ಬೇಕಾದರೂ ತಕರಾರು ಸಲ್ಲಿಸಬಹುದು, ಮಂಜೂರಾದ ಮೇಲೂ ಸಂಬಂಧಪಟ್ಟವರಿಗೆ ಒಂದು ವರ್ಷ ಕಾಲಾವಕಾಶ ಇದೆ.

ಮಿರ್ಜಾಪುರದ ತೀರ್ಪು ಕಟುವಾಯಿತು ಎಂದು ನನಗೆ ಓದಿದಾಗಲೆಲ್ಲ ಅನಿಸುತ್ತದೆ. ಕೈ ಕೊಯ್ದುಕೊಳ್ಳದೆ ಕೆಲಸ ಮಾಡುವ ಉಪಾಯ ಅಷ್ಟು ಸಹಜವಾಗಿದ್ದರೆ ಅಷ್ಟು ದಿನ ಯಾರಿಗೂ ಯಾಕೆ ಹೊಳೆಯಲಿಲ್ಲ? ಆದರೆ ತಿರುಗಿಸಿ ಯೋಚಿಸಿ. ಟೇಲ್‌ಸ್ಟಾಕಿನ ಒತ್ತು ಒಬ್ಬರ ಸ್ವತ್ತಾಗಿದ್ದರೆ ಉಳಿದ ಅಂಗಡಿಗಳವರು ಹದಿನಾರು ವರ್ಷ ಹಾರುವ ಪಾತ್ರೆಗಳ ಎದುರೇ ಕೂರಬೇಕಿತ್ತು. ನಾಳೆ ಯಾರೋ ದೊಡ್ಡ ಕಂಪನಿಯವರು ಪಿನ್ನು ತೂರಿಸುವ ಪಟ್ಟಿ ನಮ್ಮದು ಎಂದು ಬಂದರೆ ಚನ್ನಪಟ್ಟಣದ ಇದೇ ಶಾಪನ್ನು ಕಾಪಾಡುವುದೂ ಇದೇ ತೀರ್ಪು.

ಹಳೆಯದರ ಪಕ್ಕದಲ್ಲೇ ಹೊಸದಕ್ಕೆ ಜಾಗ ಸಿಗುವುದಿಲ್ಲವೆಂದೂ ಅಲ್ಲ. ಸೋಲಾರ್ ಲೋಕದ್ದೇ ಒಂದು ಉದಾಹರಣೆ ಕೊಡುತ್ತೇನೆ. ಪ್ಯಾನೆಲ್ಲಿನೊಳಗಿನ ಕೋಶಗಳನ್ನು ಅಕ್ಕಪಕ್ಕ ಜೋಡಿಸುವ ಬದಲು ನಾಡಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಒಂದನ್ನು ಹೊದಿಸಿದರೆ ನಡುವಿನ ಸಂದು ಉಳಿಯುವುದಿಲ್ಲ, ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿಲು ಹಿಡಿಯಬಹುದು. ಕೆಲವು ವರ್ಷಗಳಿಂದ ಇದನ್ನು ಹೊಸ ತಂತ್ರವೆಂದೇ ಮಾರುತ್ತಿದ್ದಾರೆ. ಆದರೆ ಅಮೆರಿಕದ ಹಾಫ್‌ಮನ್ ಎಲೆಕ್ಟ್ರಾನಿಕ್ಸ್ ಕಂಪನಿಯ ಡಿಕ್ಸನ್ ಎಂಬಾತ 1956ರಲ್ಲೇ ಇದಕ್ಕೆ ಅರ್ಜಿ ಹಾಕಿದ್ದ, 1960ರಲ್ಲಿ ಪೇಟೆಂಟೂ ಸಿಕ್ಕಿತ್ತು. ಬೆಲ್ ಲ್ಯಾಬೊರೇಟರಿಯವರು ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿ ಆಗಿನ್ನೂ ಎರಡು ವರ್ಷ. ಹಾಗಿದ್ದೂ 2020ರಲ್ಲಿ ಸೋಲಾರಿಯಾ ಎಂಬ ಕಂಪನಿ ಕೆನಡಿಯನ್ ಸೋಲಾರ್ ಮೇಲೆ ಹೆಂಚು ಜೋಡಣೆಯ ಪ್ಯಾನೆಲ್ ವಿಷಯಕ್ಕೇ ದಾವೆ ಹೂಡಿತು. ಹೇಗೆ ಸಾಧ್ಯ? ಸೋಲಾರಿಯಾ ಹಿಡಿದದ್ದು ಹೆಂಚು ಹೊದಿಸುವ ಕಲ್ಪನೆಯನ್ನಲ್ಲ, ದೊಡ್ಡ ಕೋಶವನ್ನು ಹಾಗೆ ಹೊದಿಸುವುದಕ್ಕೆ ತಕ್ಕ ಪಟ್ಟಿಗಳಾಗಿ ಬೇರ್ಪಡಿಸುವ ಬಗೆಯನ್ನು. ಗೋಮಾಳದ ಮಗ್ಗುಲಲ್ಲಿ ಉಳಿದಿದ್ದ ಸಣ್ಣ ತುಂಡಿಗೆ ಸರಿಯಾಗಿ ಚಕ್ಕುಬಂದಿ ಬರೆಸಿಕೊಂಡರು.

ಪರೀಕ್ಷಾ ವರದಿ ಬಂದ ಮೇಲೆ ನಡೆಯುವುದೂ ಇದೇ. ಉತ್ತರಕ್ಕೆ ಆರು ತಿಂಗಳು, ಕೇಳಿದರೆ ಇನ್ನೂ ಮೂರು. ವರದಿಯಲ್ಲಿ ಆಕ್ಷೇಪ ಇರುವುದೇ ಮಾಮೂಲು, ಅದು ನಪಾಸಲ್ಲ. ಗಡಿಯನ್ನು ಒಳಕ್ಕೆ ಎಳೆದುಕೊಂಡು ಕ್ಲೇಮನ್ನು ತಿದ್ದಿ ಕಳಿಸಬಹುದು. ಆದರೆ ಮೂಲ ವಿವರಣೆಯಲ್ಲಿ ಇಲ್ಲದ್ದನ್ನು ಆಮೇಲೆ ತುರುಕುವಂತಿಲ್ಲ. ಅದಕ್ಕೇ ಜಾಣ ಏಜೆಂಟರು ಮೊದಲ ದಿನವೇ ಕೀಲಿನ ದಪ್ಪ, ತೂತಿನ ನಡುವಿನ ಅಂತರ, ಎಷ್ಟು ಗಾಳಿಗೆ ಏನಾಗುತ್ತದೆ ಎಲ್ಲವನ್ನೂ ವಿವರಣೆಯಲ್ಲಿ ಬರೆದಿಟ್ಟಿರುತ್ತಾರೆ. ಅಂತಿಮ ತೀರ್ಮಾನ ಕಂಟ್ರೋಲರ್ ಅವರದು. ವಿಚಾರಣೆ ಈಗ ವಿಡಿಯೊದಲ್ಲೇ ಆಗುವುದರಿಂದ ಚೆನ್ನೈ ಬಸ್ಸು ಹತ್ತಬೇಕಿಲ್ಲ.

ಒಂದು ಸಂಗತಿ ಮಾತ್ರ ನನಗೆ ನುಂಗಲಾಗದ್ದು. ನಿಯಮದ ಪ್ರಕಾರ ಅರ್ಜಿಯ ಕಾಗದಗಳು ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಹಿಂದಿಯಲ್ಲಿ. ಕನ್ನಡದಲ್ಲಿ ಬರೆದದ್ದು ನಡೆಯುವುದಿಲ್ಲ. ಅದೇ ಕಾಯ್ದೆಯಲ್ಲಿ, ಯಾವುದಾದರೂ ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿ ಇರುವ ತಿಳಿವಳಿಕೆಯನ್ನು ತೋರಿಸಿ ಪೇಟೆಂಟಿಗೆ ತಕರಾರು ಎತ್ತಬಹುದು ಎಂದೂ ಇದೆ. ಅಂದರೆ ಕನಕಪುರದ ಅಜ್ಜಿಯೊಬ್ಬರು ಏತದ ಬಗ್ಗೆ ಕನ್ನಡದಲ್ಲಿ ಆಡಿದ ಮಾತು ಅರ್ಜಿಯೊಂದನ್ನು ಬೀಳಿಸಬಲ್ಲದು, ಆದರೆ ಕನ್ನಡದಲ್ಲಿ ಬರೆದ ಅರ್ಜಿಗೆ ಒಳಗೆ ಕಾಲಿಡುವ ಯೋಗ್ಯತೆ ಇಲ್ಲ.

ನೆರವಿಲ್ಲವೆಂದಲ್ಲ. ಬೆಂಗಳೂರಿನ ಐಐಎಸ್ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಓದು ಬರಹ ಕಡಿಮೆ ಇರುವ ಹಳ್ಳಿಯ ಆವಿಷ್ಕಾರಿಗಳ ಕೈ ಹಿಡಿಯಲೆಂದೇ 2000ದಲ್ಲಿ ಶುರುವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಗುಜರಾತಿನಲ್ಲಿದೆ. ಪೇಟೆಂಟ್ ಸಿಕ್ಕರೆ ಮೂರನೇ ವರ್ಷದಿಂದ ನವೀಕರಣ ಶುಲ್ಕ: ವ್ಯಕ್ತಿಗಳಿಗೆ ವರ್ಷಕ್ಕೆ ₹800ರಿಂದ ಶುರುವಾಗಿ ಕೊನೆಯ ವರ್ಷಗಳಲ್ಲಿ ₹8,000. ತಿಂಗಳಿಗೆ ಎರಡು ಸ್ಟ್ಯಾಂಡು ಮಾರುವವರಿಗೆ ಇದೆಲ್ಲ ಗಿಟ್ಟುತ್ತದೆಯೇ ಎಂದರೆ ನನಗೆ ಅನುಮಾನವೇ. ಚಿಲಕವನ್ನು ದೊಡ್ಡ ತಯಾರಕರೊಬ್ಬರಿಗೆ ಲೈಸೆನ್ಸ್ ಕೊಡುವ ಆಸೆ ಇದ್ದರೆ ಮಾತ್ರ ಕೈ ಹಾಕಿ ಎಂದೆ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವಾಕ್ಯ ಹೆಂಗಿರ್ತದೆ, ಒಂದ್ ಬರ್ದು ತೋರ್ಸಿ ಸಾರ್" ಅಂದರು. ಚಿಲಕದ್ದು ಬೇಡ, ಹೇಗೂ ಊರಿಗೆಲ್ಲ ಗೊತ್ತಾಗಿರುವ ಹಳೇ ಸ್ಟ್ಯಾಂಡಿನದ್ದೇ ಅಭ್ಯಾಸಕ್ಕೆ ಬರೆಯೋಣ ಎಂದೆ. ಅಳತೆ ಗುರುತಿಸುವ ಸೀಮೆಸುಣ್ಣ ತೆಗೆದುಕೊಂಡು ತುಕ್ಕು ಹಿಡಿದ ಶೀಟಿನ ಮೇಲೆ ಬರೆದೆ: ಸೌರ ಪ್ಯಾನೆಲ್ ಹೊರುವ ಚೌಕಟ್ಟು, ಅದಕ್ಕೆ ಕೂಡಿಸಿದ ಬಾಗಿದ ಪಟ್ಟಿ, ಆ ಪಟ್ಟಿಯಲ್ಲಿ ಮೂರು ತೂತು, ಆ ತೂತುಗಳಲ್ಲಿ ಯಾವುದಾದರೂ ಒಂದಕ್ಕೆ ತೂರಿಸುವ ಒಂದು ಪಿನ್ನು, ಇವುಗಳನ್ನು ಒಳಗೊಂಡ ಸ್ಟ್ಯಾಂಡ್.

ಎರಡು ಸಲ ಓದಿಕೊಂಡರು. "ಮೂರು ಅಂತ ಯಾಕ್ ಬರುದ್ರಿ? ನಾಕು ತೂತು ಕೊರ್ದೋನು ಮೂರಂತೂ ಐತಲ್ಲ ಅಂತ ಸಿಕ್ಕಾಕತಾನೆ ಅಂದ್ಕೊಳ್ಳಿ. ಎರಡೇ ಕೊರ್ದೋನು?" ಅಂದರು. ನಾನು ಉತ್ತರ ಹುಡುಕುವಷ್ಟರಲ್ಲಿ, "ಪಿನ್ನು ಅಂದ್ಬುಟ್ರೆ ಬೋಲ್ಟು ಹಾಕ್ದೋನು ತಪ್ಪಿಸ್ಕತಾನಲ್ಲ ಸಾರ್" ಎಂದು ಎಡಗೈ ಹೆಬ್ಬೆರಳಿನಿಂದ 'ಪಿನ್ನು' ಎಂಬುದನ್ನು ಒರೆಸಿ, ಸೀಮೆಸುಣ್ಣ ನನ್ನ ಕೈಯಿಂದ ತೆಗೆದುಕೊಂಡು, ಆ ಖಾಲಿ ಜಾಗದಲ್ಲಿ ಏನು ಬರೆಯಬೇಕೆಂದು ನೋಡುತ್ತಾ ನಿಂತರು.